ಹೊಸಮನೆ ಬಳಗ: ಪದ್ಮತ್ತೆ ಅಮೆರಿಕಕ್ಕೆ ಹೊರಟ ವಾರ ಬಂದ ಫಾರ್ವರ್ಡ್

ಸುರೇಶ ಚಿಕ್ಕಪ್ಪ, ಬೆಳಗ್ಗೆ 6:12
(ಹಲವು ಬಾರಿ ಫಾರ್ವರ್ಡ್ ಮಾಡಲಾಗಿದೆ)
"ಅಮೆರಿಕಕ್ಕೆ ಹೋಗುವ ಹಿರಿಯರೇ ಎಚ್ಚರ! ಇನ್ಶೂರೆನ್ಸ್ ಕಾರ್ಡ್ ಇಲ್ಲದಿದ್ದರೆ ಎಮರ್ಜೆನ್ಸಿಯಲ್ಲೂ ನಿಮ್ಮನ್ನು ಮುಟ್ಟುವುದಿಲ್ಲ. ಎದೆನೋವು ಬಂದರೆ ಮೊದಲು ನಮ್ಮ ರಾಯಭಾರ ಕಚೇರಿಗೆ ಫೋನ್ ಮಾಡಿ. ಪೂರ್ತಿ ಬಿಲ್ ಅವರೇ ಕಟ್ಟುತ್ತಾರೆ. ಎಲ್ಲರಿಗೂ ತಲುಪಿಸಿ!!"
ಪದ್ಮಕ್ಕ, ತಪ್ಪದೆ ಓದು.

ದೊಡ್ಡಪ್ಪ, 6:40
ಒಳ್ಳೆ ಮಾಹಿತಿ ಸುರೇಶ. ನಾಲಿಗೆ ಹತೋಟಿಯಲ್ಲಿದ್ದರೆ ಆಸ್ಪತ್ರೆ ಮೆಟ್ಟಿಲು ಹತ್ತೋ ಪ್ರಮೇಯವೇ ಬರಲ್ಲ. ಪದ್ಮ, ರಾತ್ರಿ ಊಟ ಏಳಕ್ಕೆ ಮುಗಿಸು.

ವಿದ್ಯಾ, 7:05
ಚಿಕ್ಕಪ್ಪ, ಇದನ್ನ ಬರೆದೋರು ಯಾರು? ಎರಡೂ ತಪ್ಪು. ಎಮ್ಟಾಲಾ ಅಂತ 1986ರ ಕಾನೂನಿದೆ. ಮೆಡಿಕೇರ್ (ಅಲ್ಲಿನ ಹಿರಿಯರಿಗಿರೋ ಸರ್ಕಾರಿ ವಿಮೆ) ದುಡ್ಡು ತಗೊಳ್ಳೋ ಯಾವ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋದರೂ ಪರೀಕ್ಷೆ ಮಾಡಲೇಬೇಕು, ಜೀವಕ್ಕೆ ಅಪಾಯ ಇದ್ದರೆ ಸ್ಥಿತಿ ಸುಧಾರಿಸೋವರೆಗೂ ನೋಡ್ಕೊಳ್ಳಲೇಬೇಕು. ಕಾರ್ಡ್ ಇರಲಿ ಬಿಡಲಿ. ಬಿಲ್ ಆಮೇಲೆ ಮನೆಗೆ ಬರುತ್ತೆ. ಆಸ್ಪತ್ರೇದು ಒಂದು, ಡಾಕ್ಟರ್‌ದು ಒಂದು, ಆಂಬುಲೆನ್ಸ್‌ದು ಇನ್ನೊಂದು. ಎದೆನೋವು ಅಂದ್ರೆ ಮೊದಲ ಫೋನು ಅಲ್ಲಿನ ತುರ್ತು ನಂಬರ್ 911ಗೆ.

ಸುರೇಶ ಚಿಕ್ಕಪ್ಪ, 7:09
ನಮ್ಮ ವಾಕಿಂಗ್ ಗುಂಪಲ್ಲಿ ರಿಟೈರ್ಡ್ ಡಾಕ್ಟರ್ ಒಬ್ಬರು ಹಾಕಿದ್ದು. ನಾನು ಹಾಕಿದ್ದೆಲ್ಲ ನಿನಗೆ ತಪ್ಪೇ. ನಿಂಬೆಹಣ್ಣಿನ ವಿಷಯದಲ್ಲೂ ಹೀಗೇ ಎಲ್ಲರ ಮುಂದೆ ಮಾತಾಡಿದ್ದೆ.

ವಿದ್ಯಾ, 7:15
ನಿಂಬೆಹಣ್ಣು ಬಿಡಿ. ರಾಯಭಾರ ಕಚೇರಿಯಲ್ಲಿ 2009ರಿಂದ ಒಂದು ಕಲ್ಯಾಣ ನಿಧಿ ಇದೆ ನಿಜ. ಅದು ಕೈಯಲ್ಲಿ ಕಾಸಿಲ್ಲದೆ ಕಷ್ಟಕ್ಕೆ ಸಿಕ್ಕಿದೋರಿಗೆ, ಅವರ ಪರಿಸ್ಥಿತಿ ನೋಡಿ ಕೊಡೋದು. ಪ್ರವಾಸ ಹೋದೋರ ಬಿಲ್ ಕಟ್ಟೋಕಲ್ಲ.

ಗಿರೀಶ, 7:31
ಊರಲ್ಲಿ ಕಾಂಪೌಂಡರ್ ಕೊಡ್ತಿದ್ದ ಕೆಂಪು ಮಿಕ್ಸ್ಚರ್ ಬಾಟ್ಲಿ ನೆನಪಿದೆಯಾ? ಪಕ್ಕದಲ್ಲಿ ಹಲ್ಲುಹಲ್ಲಾಗಿ ಕತ್ತರಿಸಿ ಅಂಟಿಸಿದ ಬಿಳಿ ಕಾಗದ, ಒಂದು ಹಲ್ಲಿಗೆ ಒಂದು ಡೋಸು. ಬಾಟ್ಲಿ ನಾವೇ ತೊಳೆದು ತಗೊಂಡು ಹೋಗ್ಬೇಕಿತ್ತು.

ದೊಡ್ಡಪ್ಪ, 7:34
ಅದರಲ್ಲೇ ಎಲ್ಲ ಕಾಯಿಲೆ ವಾಸಿ ಆಗ್ತಿತ್ತು.

ಶ್ವೇತಾ (ಲಂಡನ್), 7:50
ಇಲ್ಲಂತೂ ಎಮರ್ಜೆನ್ಸಿ ವಿಭಾಗದಲ್ಲಿ ನೋಡೋದು ಎಲ್ಲರಿಗೂ ಉಚಿತ. ಆದರೆ ವಾರ್ಡಿಗೆ ಹಾಕಿಕೊಂಡ ಮೇಲೆ ವಿಸಿಟರ್‌ಗಳಿಗೆ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ದರದ ಒಂದೂವರೆ ಪಟ್ಟು ಬಿಲ್.

ಸುರೇಶ ಚಿಕ್ಕಪ್ಪ, 7:52
ನೋಡಿ, ಅವಳೂ ಬಿಲ್ ಅಂತಾನೇ ಹೇಳ್ತಿದ್ದಾಳೆ.

ನಾಗರಾಜ ಮಾವ, 8:10
ಅಮೆರಿಕ ಪ್ರವಾಸದ ಇನ್ಶೂರೆನ್ಸ್ ಪಾಲಿಸಿ ಆಗ್ಲೇ ಆಗಿದೆಯಮ್ಮ ವಿದ್ಯಾ. ಸುರೇಶನ ಸ್ನೇಹಿತರು ಮಾಡಿಸಿಕೊಟ್ಟರು, ಕಮ್ಮಿಗೇ ಸಿಕ್ತು.

ವಿದ್ಯಾ, 8:22
ಮಾವ, ಫಿಕ್ಸ್ಡ್ ಬೆನಿಫಿಟ್ಟಾ, ಕಾಂಪ್ರೆಹೆನ್ಸಿವ್ವಾ ನೋಡಿ. ಫಿಕ್ಸ್ಡ್ ಆದ್ರೆ ಡಾಕ್ಟರ್ ಭೇಟಿಗಿಷ್ಟು, ಒಂದು ದಿನದ ಬೆಡ್ಡಿಗಿಷ್ಟು ಅಂತ ಬರೆದಿರುತ್ತೆ. ಅದರ ಮೇಲಿನದೆಲ್ಲ ನಿಮ್ಮ ಜೇಬಿಂದ. ಕಮ್ಮಿಗೆ ಸಿಗೋದು ಅದಕ್ಕೇ. ಕಾಂಪ್ರೆಹೆನ್ಸಿವ್ ಆದ್ರೆ ಡಿಡಕ್ಟಿಬಲ್ ಎಷ್ಟು ನೋಡಿ, ಅಷ್ಟು ನೀವು ಕಟ್ಟಿದ ಮೇಲೇ ಅವರು ಕೊಡೋದು. ಅತ್ತೆಗೆ ಬಿಪಿ, ಶುಗರ್ ಇರೋದರಿಂದ "ಅಕ್ಯೂಟ್ ಆನ್ಸೆಟ್ ಆಫ್ ಪ್ರೀ-ಎಕ್ಸಿಸ್ಟಿಂಗ್ ಕಂಡಿಷನ್" ಅನ್ನೋ ಸಾಲು ಹುಡುಕಿ. ಹಳೇ ಕಾಯಿಲೆ ಇದ್ದಕ್ಕಿದ್ದಂತೆ ಉಲ್ಬಣಿಸಿದರೆ ಖರ್ಚು ಸಿಗೋದು ಆ ಸಾಲಿಂದಲೇ. 70 ದಾಟಿದೋರಿಗೆ ಬಹಳ ಪಾಲಿಸಿಗಳಲ್ಲಿ ಆ ಮೊತ್ತ ಇಳಿದುಬಿಡುತ್ತೆ. ಲಕ್ಷಣ ಕಂಡ 24 ಗಂಟೆಯೊಳಗೆ ಆಸ್ಪತ್ರೆಗೆ ಹೋಗಿರಬೇಕು ಅನ್ನೋ ಷರತ್ತೂ ಇರುತ್ತೆ. ಫಾರ್ವರ್ಡ್ ನಂಬಿ ಫೋನ್ ಹಿಡಿದು ಕೂತರೆ ಜೀವಕ್ಕೂ ಅಪಾಯ, ಕ್ಲೇಮೂ ಹೋಗುತ್ತೆ.

ಸುರೇಶ ಚಿಕ್ಕಪ್ಪ, 8:25
ಅಂದ್ರೆ ನನ್ನ ಸ್ನೇಹಿತ ಮೋಸ ಮಾಡಿದ ಅಂತಾನಾ? ಸೈಟಿನ ವಿಷಯದಲ್ಲಿ ನಿಮ್ಮಪ್ಪನೂ ಹೀಗೇ ಅಂದಿದ್ರು.

ದೊಡ್ಡಪ್ಪ, 8:27
ವಿದ್ಯಾ, ಚಿಕ್ಕಪ್ಪನ ಹತ್ರ ಮಾತಾಡೋ ರೀತಿನಾ ಇದು? ಸುರೇಶ, ಸೈಟಿನ ಮಾತು ಇಲ್ಲಿ ಬೇಡ.

ವಿದ್ಯಾ, 8:30
ಮೋಸ ಅಂದಿಲ್ಲ ದೊಡ್ಡಪ್ಪ. ಹೊರಡೋಕೆ ಇನ್ನೂ ಆರು ದಿನ ಇದೆ, ಪಾಲಿಸಿ ಬದಲಾಯಿಸೋಕೆ ಆಗುತ್ತಾ ಇವತ್ತೇ ಕೇಳಲಿ ಅಂದೆ, ಅಷ್ಟೇ.

ಪದ್ಮತ್ತೆ, 9:02
ಜಗಳ ಆಡ್ಬೇಡ್ರೋ. ನನಗೆ ಇಂಗ್ಲಿಷ್ ಬರಲ್ವಲ್ಲ, ಅಲ್ಲಿ ಡಾಕ್ಟರ್‌ಗೆ ಏನಂತ ಹೇಳ್ಲಿ?

ವಿದ್ಯಾ, 9:06
"ಕನ್ನಡ ಇಂಟರ್‌ಪ್ರಿಟರ್" ಅನ್ನೋ ಎರಡೇ ಪದ ಹೇಳಿ ಅತ್ತೆ. ಫೋನಿನಲ್ಲಿ ಕನ್ನಡದೋರನ್ನ ಸೇರಿಸ್ತಾರೆ. ಅದಕ್ಕೆ ರೋಗಿ ಹತ್ರ ದುಡ್ಡು ಕೇಳೋ ಹಾಗಿಲ್ಲ. ಬರೀ ಜ್ವರ, ಕೆಮ್ಮು, ಕಾಲು ಉಳುಕು ಅಂದ್ರೆ ಎಮರ್ಜೆನ್ಸಿ ಬೇಡ, ಅರ್ಜೆಂಟ್ ಕೇರ್ ಕ್ಲಿನಿಕ್ ಸಾಕು. ಖರ್ಚು ಎಷ್ಟೋ ಕಮ್ಮಿ. ಇನ್ನೊಂದು, ಅಲ್ಲಿ ಟೈಲೆನಾಲ್ ಅನ್ನೋದೂ ನಮ್ಮ ಡೋಲೋ ಅನ್ನೋದೂ ಒಂದೇ ಔಷಧಿ, ಪ್ಯಾರಾಸಿಟಮಾಲ್. ಎರಡನ್ನೂ ಒಟ್ಟಿಗೆ ತಗೊಂಡರೆ ಡೋಸು ಜಾಸ್ತಿಯಾಗಿ ಲಿವರ್‌ಗೆ ಪೆಟ್ಟು ಬೀಳಬಹುದು. ಡಾಕ್ಟರ್ ಹತ್ರ ಚೀಟಿ ಬರೆಸುವಾಗ ಬ್ರ್ಯಾಂಡ್ ಬೇಡ, ಔಷಧಿ ಹೆಸರೇ ಇರಲಿ. ನಿಮ್ಮ ಶುಗರ್ ಮಾತ್ರೆ ಗ್ಲೈಕೋಮೆಟ್ ಅಂದ್ರೆ ಅಲ್ಲಿ ಯಾರಿಗೂ ಗೊತ್ತಾಗಲ್ಲ, ಮೆಟ್‌ಫಾರ್ಮಿನ್ ಅಂದ್ರೆ ಗೊತ್ತಾಗುತ್ತೆ.

ಪದ್ಮತ್ತೆ, 9:11
ಇನ್ಸುಲಿನ್ ದೊಡ್ಡ ಸೂಟ್‌ಕೇಸಿಗೆ ಹಾಕಿದ್ದೀನಲ್ಲೇ.

ವಿದ್ಯಾ, 9:12
ಈಗಲೇ ತೆಗೀರಿ! ಅದು ವಿಮಾನದ ಕೆಳಗಿನ ಗೂಡಿಗೆ ಹೋಗುತ್ತೆ, ಅಲ್ಲಿ ಹೆಪ್ಪುಗಟ್ಟಬಹುದು. ಒಂದು ಸಲ ಹೆಪ್ಪುಗಟ್ಟಿದ್ದು ಕರಗಿದರೂ ನಂಬೋ ಹಾಗಿಲ್ಲ, ಬಿಸಾಕಬೇಕು. ಕೈಚೀಲದಲ್ಲಿ ಚೀಟಿ ಜೊತೆಗೇ ಇಟ್ಕೊಳ್ಳಿ. ಐಸ್ ಪ್ಯಾಕ್‌ಗೆ ನೇರವಾಗಿ ತಾಗಬಾರದು, ಟವಲ್ ಸುತ್ತಿ.

ಪದ್ಮತ್ತೆ, 9:20
ತೆಗೆದೆ. ಆ ಹಸಿರು ಐಸ್ ಚೀಲ ಯಾರ ಮನೇಲಿದೆ?

ಸುರೇಶ ಚಿಕ್ಕಪ್ಪ, 9:21
ನಮ್ಮನೇಲಿದೆ ಅಕ್ಕ. ಸಂಜೆ ತರ್ತೀನಿ. ಪಾಲಿಸಿ ಕಾಗದ ತೆಗೆದಿಟ್ಟಿರು.