ಭುಜ, ಸೊಂಟ ಎರಡೂ ಚೆಂಡು-ಗುಳಿ ಕೀಲುಗಳೇ. ಹಾಗಿದ್ದೂ ಭುಜವೇ ಹೆಚ್ಚು ಕೀಲು ತಪ್ಪುವುದೇಕೆ?

ವಿಜ್ಞಾನ_ಮೇಡಂ:
ಕೀಲುಗಳ ಪಾಠಕ್ಕೆ ತಯಾರಿ ನಡೆಸಿದ್ದೇನೆ. ಪಠ್ಯದಲ್ಲಿ ಭುಜ, ಸೊಂಟ ಎರಡನ್ನೂ ‘ಚೆಂಡು-ಗುಳಿ ಕೀಲು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಹಾಗಾದರೆ ಭುಜ ಅಷ್ಟು ಸುಲಭವಾಗಿ ಕೀಲು ತಪ್ಪುವುದೇಕೆ, ಸೊಂಟ ತಪ್ಪದಿರುವುದೇಕೆ? ಇನ್ನೊಂದು ಗೊಂದಲ ಮಂಡಿಯದು. ಅದು ಬಾಗಿಲಿನ ಬಿಜಾಗರಿಯಂತೆ ಎನ್ನುತ್ತಾರೆ. ಆದರೆ ಕುರ್ಚಿಯಲ್ಲಿ ಕೂತು ಮಂಡಿ ಮಡಿಸಿದಾಗ ಪಾದವನ್ನು ಒಳಕ್ಕೂ ಹೊರಕ್ಕೂ ತಿರುಗಿಸಬಹುದು. ಬಿಜಾಗರಿ ಹಾಗೆ ತಿರುಗಬಾರದಲ್ಲವೇ? ಮಕ್ಕಳು ತಮ್ಮ ಮೈಮೇಲೇ ಮಾಡಿ ನೋಡುವಂಥ ಪರೀಕ್ಷೆಗಳಿದ್ದರೆ ದಯವಿಟ್ಟು ತಿಳಿಸಿ.

ಮೂಳೆಮಾತು:
ಹೆಸರು ಒಂದೇ ಆದರೂ ಗುಳಿಗಳು ಬೇರೆ, ಮೇಡಂ.

ಸೊಂಟದಲ್ಲಿ ತೊಡೆಮೂಳೆಯ ತಲೆ ಆಳವಾದ ಬಟ್ಟಲಿನಲ್ಲಿ ಕೂತಿದೆ. ಬಟ್ಟಲಿನ ಅಂಚಿಗೆ ಲೇಬ್ರಮ್ ಎಂಬ ನಾರುಭರಿತ ಮೃದ್ವಸ್ಥಿಯ ಬಳೆ ಇದೆ. ಅದು ಚೆಂಡಿನ ಅತಿ ಅಗಲವಾದ ಭಾಗವನ್ನು ದಾಟಿ ಹಿಡಿಯುವುದರಿಂದ, ಅರ್ಧಕ್ಕಿಂತ ಹೆಚ್ಚು ತಲೆ ಒಳಗೇ ಸಿಕ್ಕಿಕೊಂಡಿರುತ್ತದೆ. ಹೊರಗಿನಿಂದ ಮೂರು ಬಲವಾದ ಅಸ್ಥಿರಜ್ಜುಗಳು ಸುತ್ತಿಕೊಂಡಿವೆ. ಮುಂಭಾಗದಲ್ಲಿ ತಲೆಕೆಳಗಾದ ‘ವೈ’ ಅಕ್ಷರದಂತಿರುವ ಇಲಿಯೋಫೆಮೊರಲ್ ರಜ್ಜು ಇಡೀ ದೇಹದಲ್ಲೇ ಅತ್ಯಂತ ಗಟ್ಟಿ. ನೆಟ್ಟಗೆ ನಿಂತಾಗ ಅದು ಬಿಗಿಯಾಗುತ್ತದೆ, ಕೂತಾಗ ಸಡಿಲಾಗುತ್ತದೆ. ವಾಹನ ಅಪಘಾತದಲ್ಲಿ ಕೂತವರ ಮಂಡಿ ಎದುರಿಗೆ ಬಡಿದು ತೊಡೆಮೂಳೆ ಹಿಂದಕ್ಕೆ ಜಾರುವುದು ಇದೇ ಕಾರಣಕ್ಕೆ. ಸೊಂಟ ಕೀಲು ತಪ್ಪಬೇಕಾದರೆ ಅಷ್ಟು ದೊಡ್ಡ ಹೊಡೆತವೇ ಬೇಕು.

ಭುಜದ್ದು ಬಟ್ಟಲಲ್ಲ, ಸಣ್ಣ ತಟ್ಟೆ. ಯಾವ ಕ್ಷಣದಲ್ಲೂ ತೋಳಮೂಳೆಯ ತಲೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಮಾತ್ರ ಅದಕ್ಕೆ ತಾಗಿರುತ್ತದೆ. ಇಲ್ಲೂ ಲೇಬ್ರಮ್ ಇದೆ, ಆದರೆ ಗಿಡ್ಡ. ಕೀಲಿನ ಚೀಲವೂ ಸಡಿಲ. ತೋಳು ಮೇಲೆತ್ತಲು ಜಾಗ ಬೇಕಲ್ಲ, ಅದಕ್ಕಾಗಿ ಕಂಕುಳ ಕಡೆ ಅದು ಮಡಿಕೆ ಬಿದ್ದಿರುತ್ತದೆ. ಹಾಗಾಗಿ ಹಿಡಿದಿಡುವ ಕೆಲಸ ಬಹುಪಾಲು ಸ್ನಾಯುಗಳ ಮೇಲೆ ಬೀಳುತ್ತದೆ. ಸುಪ್ರಾಸ್ಪೈನೇಟಸ್ ಮೇಲಿನಿಂದ, ಇನ್‌ಫ್ರಾಸ್ಪೈನೇಟಸ್ ಮತ್ತು ಟೆರೀಸ್ ಮೈನರ್ ಹಿಂದಿನಿಂದ, ಸಬ್‌ಸ್ಕ್ಯಾಪ್ಯುಲಾರಿಸ್ ಮುಂದಿನಿಂದ ಬಂದು ತಲೆಯನ್ನು ತಟ್ಟೆಗೆ ಒತ್ತಿ ಹಿಡಿಯುತ್ತವೆ. ಈ ನಾಲ್ಕಕ್ಕೂ ಸೇರಿ ರೊಟೇಟರ್ ಕಫ್ ಎಂದು ಹೆಸರು. ಕೆಳಗಡೆ ಮಾತ್ರ ಕಾವಲಿಲ್ಲ.

ಚೆಂಡು ಎಸೆಯಲು ತೋಳನ್ನು ಪಕ್ಕಕ್ಕೆತ್ತಿ ಹಿಂದಕ್ಕೆ ತಿರುಗಿಸಿದ ಭಂಗಿಯೇ ಅಪಾಯದ ಭಂಗಿ. ಆಗ ಇನ್ನಷ್ಟು ಹಿಂದಕ್ಕೆ ತಳ್ಳಿದರೆ ತಲೆ ಮುಂದಕ್ಕೂ ಕೆಳಕ್ಕೂ ಜಾರುತ್ತದೆ. ಭುಜ ತಪ್ಪಿದ ನೂರು ಪ್ರಕರಣಗಳಲ್ಲಿ ಸುಮಾರು 95 ಹೀಗೆ ಮುಂದಕ್ಕೇ. ಜಾರುವಾಗ ಮುಂದಿನ ಅಂಚಿನ ಲೇಬ್ರಮ್ ಕಿತ್ತು ಬರುತ್ತದೆ, ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಹರೆಯದವರಲ್ಲಿ ಒಮ್ಮೆ ತಪ್ಪಿದ ಭುಜ ಮತ್ತೆ ಮತ್ತೆ ತಪ್ಪುವುದು ಅದರಿಂದಲೇ.

ಪರೀಕ್ಷೆ: ಒಬ್ಬರು ಇನ್ನೊಬ್ಬರ ಬೆನ್ನ ಹಿಂದೆ ನಿಂತು ಹೆಗಲಮೂಳೆಯ ಕೆಳತುದಿಯ ಮೇಲೆ ಹೆಬ್ಬೆರಳಿಡಲಿ. ಮುಂದಿರುವವರು ತೋಳನ್ನು ಪಕ್ಕದಿಂದ ನಿಧಾನವಾಗಿ ಕಿವಿಯವರೆಗೆ ಎತ್ತಲಿ. ಮೊದಲ 30 ಡಿಗ್ರಿ ತುದಿ ಹೆಚ್ಚು ಕದಲುವುದಿಲ್ಲ, ಆಮೇಲೆ ಪಕ್ಕೆಯತ್ತ ಸರಿಯುತ್ತದೆ. ಒಟ್ಟು 180 ಡಿಗ್ರಿಯಲ್ಲಿ ಸುಮಾರು 120 ಚೆಂಡು-ಗುಳಿ ಕೀಲಿನದು, 60 ಹೆಗಲಮೂಳೆಯದು. ತೋಳಿನ ಜೊತೆ ತಟ್ಟೆಯೂ ತಿರುಗಿ ಚೆಂಡಿನ ಕೆಳಗೆ ಬಂದು ನಿಲ್ಲುವ ಈ ಏರ್ಪಾಡು ನನಗೆ ಇಡೀ ಭುಜದಲ್ಲೇ ಅತ್ಯಂತ ಸುಂದರವಾಗಿ ಕಾಣುತ್ತದೆ. ಮಕ್ಕಳಿಗೆ ಇದನ್ನು ಖಂಡಿತ ಮಾಡಿಸಿ.

ನಡಿಗೆ:
ಮಂಡಿಯ ಬಗ್ಗೆ ನಿಮ್ಮ ಅನುಮಾನ ಸರಿ, ಅದು ಬರೀ ಬಿಜಾಗರಿಯಲ್ಲ. ಬಾಗಿಲಿನ ಬಿಜಾಗರಿಗೆ ಒಂದೇ ಕಡ್ಡಿ. ಮಂಡಿಗೆ ಅಂಥ ಸ್ಥಿರ ಕಡ್ಡಿ ಇಲ್ಲ, ಮಡಿಸುತ್ತಾ ಹೋದಂತೆ ಅಕ್ಷವೂ ಜಾಗ ಬದಲಿಸುತ್ತದೆ. ತೊಡೆಮೂಳೆಯ ಎರಡು ಗುಬುಟುಗಳು ಕಣಕಾಲ ಮೂಳೆಯ ಮೇಲೆ ಚಕ್ರದಂತೆ ಉರುಳುತ್ತವೆ, ಜೊತೆಗೇ ಜಾರುತ್ತವೆ. ಬರೀ ಉರುಳಿದ್ದರೆ ಪೂರ್ತಿ ಮಡಿಸುವಷ್ಟರಲ್ಲಿ ತೊಡೆಮೂಳೆ ಹಿಂದಿನ ಅಂಚಿನಿಂದ ಬಿದ್ದುಹೋಗುತ್ತಿತ್ತು.

ಒಳಗುಬುಟು ಹೊರಗಿನದಕ್ಕಿಂತ ಉದ್ದ. ಕಾಲು ನೀಡುವ ಕೊನೆಯ 20 ಡಿಗ್ರಿಯಷ್ಟರಲ್ಲಿ ಹೊರಬದಿ ಮೊದಲು ಮುಗಿಯುತ್ತದೆ, ಒಳಬದಿ ಇನ್ನೂ ಸಾಗುತ್ತದೆ. ಹಾಗಾಗಿ ಕಣಕಾಲ ಮೂಳೆ ತುಸು ಹೊರಕ್ಕೆ ತಿರುಗಿ, ತಿರುಪು ಬಿಗಿದಂತೆ ಮಂಡಿ ಲಾಕ್ ಆಗುತ್ತದೆ. ಮತ್ತೆ ಮಡಿಸುವಾಗ ಆ ಲಾಕ್ ಬಿಡಿಸುವುದು ಮಂಡಿಯ ಹಿಂದಿರುವ ಪಾಪ್ಲಿಟಿಯಸ್ ಎಂಬ ಪುಟ್ಟ ಸ್ನಾಯು.

ಪರೀಕ್ಷೆ ಮಾಡುವಾಗ ಪಾದ ನೋಡಬೇಡಿ. ಪಾದದ ತಿರುಗುವಿಕೆಯಲ್ಲಿ ಹರಡಿನ ಚಲನೆಯೂ ಬೆರೆತಿರುತ್ತದೆ. ಕಾಲು ನೀಡಿದ್ದಾಗ ಸೊಂಟದಿಂದಲೇ ಇಡೀ ಕಾಲು ತಿರುಗುತ್ತದೆ. ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನ ಮೇಲೆ ಪೆನ್ನಿನಿಂದ ಚುಕ್ಕೆ ಇಡಿ. ಎತ್ತರದ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂರಿಸಿ, ನಿಧಾನವಾಗಿ ಕಾಲು ಚಾಚಿಸಿ. ಕೊನೆಗೆ ಚುಕ್ಕೆ ಮಂಡಿಚಿಪ್ಪಿನ ನಡುಗೆರೆಯಿಂದ ಹೊರಗೆ ಸರಿದಿರುತ್ತದೆ.

ಮಂಡಿ ಮಡಿಸಿ, ಪಾದ ನೆಲಕ್ಕೆ ಊರಿ, ಮೈ ತಿರುಗಿಸಿದಾಗಲೇ ಗಾಯಗಳು ಜಾಸ್ತಿ. ಮಂಡಿಯ ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿಯ ಎರಡು ಮೆನಿಸ್ಕಸ್‌ಗಳಲ್ಲಿ ಒಳಗಿನದು ಬದಿಯ ರಜ್ಜುವಿಗೆ ಅಂಟಿಕೊಂಡಿದೆ. ಹೊರಗಿನದರಷ್ಟು ಸಲೀಸಾಗಿ ಸರಿದು ತಪ್ಪಿಸಿಕೊಳ್ಳಲಾರದೆ ಮೂಳೆಗಳ ನಡುವೆ ಸಿಕ್ಕಿ ಹರಿಯುತ್ತದೆ. ರಕ್ತ ಹರಿಯುವುದು ಮೆನಿಸ್ಕಸ್‌ನ ಹೊರ ಅಂಚಿಗೆ ಮಾತ್ರ. ಅಲ್ಲಿ ಹರಿದದ್ದು ಕೂಡಿಕೊಳ್ಳಬಹುದು, ಒಳ ಅಂಚಿನದು ಕೂಡಿಕೊಳ್ಳುವುದು ಕಷ್ಟ.

ವಿಜ್ಞಾನ_ಮೇಡಂ:
ಇಬ್ಬರಿಗೂ ಧನ್ಯವಾದ. ಚುಕ್ಕೆ ಪರೀಕ್ಷೆ ಈಗಲೇ ಮಾಡಿದೆ, ನಿಜಕ್ಕೂ ಸರಿಯುತ್ತದೆ! ಇನ್ನೆರಡು ಪ್ರಶ್ನೆ. ಮೂಳೆತುದಿಯ ಮೃದ್ವಸ್ಥಿಗೆ ರಕ್ತನಾಳವೇ ಇಲ್ಲದಿದ್ದರೆ ಅದು ಬದುಕುವುದು ಹೇಗೆ? ಮಂಡಿ ಊದಿದವರು ಕಾಲನ್ನು ಅರೆಮಡಚಿ ಇಟ್ಟುಕೊಳ್ಳುವುದೇಕೆ?

ಅಂಗರಚನೆ:
ಮೃದ್ವಸ್ಥಿಯನ್ನು ನೀರು ಕುಡಿದ ಸ್ಪಂಜು ಎಂದುಕೊಳ್ಳಿ. ಭಾರ ಬಿದ್ದಾಗ ನೀರು ಹೊರಕ್ಕೆ ಒಸರುತ್ತದೆ, ಭಾರ ಇಳಿದಾಗ ಕೀಲುದ್ರವವನ್ನು ಮತ್ತೆ ಹೀರುತ್ತದೆ. ಆಹಾರ ಹೋಗುವುದೂ ಕಸ ಬರುವುದೂ ಈ ದಾರಿಯಲ್ಲೇ. ಹಾಗಾಗಿ ತಿಂಗಳುಗಟ್ಟಲೆ ಅಲುಗಾಡಿಸದ ಕೀಲಿನ ಮೃದ್ವಸ್ಥಿ ಸೊರಗಿ ತೆಳ್ಳಗಾಗುತ್ತದೆ. ಅದರಲ್ಲಿ ನರವೂ ಇಲ್ಲ. ಸವೆತದ ನೋವು ಬರುವುದು ಕೆಳಗಿನ ಮೂಳೆ, ಒಳಪೊರೆ, ಚೀಲ ಇವುಗಳಿಂದ. ನೋವು ಶುರುವಾಗುವ ಹೊತ್ತಿಗೆ ಸವೆತ ಸಾಕಷ್ಟು ಮುಂದೆ ಹೋಗಿರುವುದುಂಟು.

ಊದಿದ ಮಂಡಿಯ ಲೆಕ್ಕ ಸುಲಭ. ಆರೋಗ್ಯವಂತ ಮಂಡಿಯಲ್ಲಿ ದ್ರವ ಇರುವುದು ಕೆಲವೇ ಮಿಲಿಲೀಟರ್. ಸುಮಾರು 30 ಡಿಗ್ರಿ ಮಡಿಸಿದಾಗ ಕೀಲಿನ ಚೀಲದಲ್ಲಿ ಅತಿ ಹೆಚ್ಚು ಜಾಗವಿರುತ್ತದೆ, ಒಳಗಿನ ಒತ್ತಡ ಅತಿ ಕಡಿಮೆ. ದ್ರವ ತುಂಬಿದಾಗ ಕಾಲು ತಾನಾಗಿಯೇ ಆ ಭಂಗಿ ಹುಡುಕಿಕೊಳ್ಳುತ್ತದೆ. ಆದರೆ ದಿನಗಟ್ಟಲೆ ಮಂಡಿಯ ಕೆಳಗೆ ದಿಂಬು ಇಟ್ಟು ಹಾಗೇ ಬಿಟ್ಟರೆ ಹಿಂಬದಿಯ ಚೀಲ ಗಿಡ್ಡವಾಗಿ, ಆಮೇಲೆ ಕಾಲು ಪೂರ್ತಿ ನೀಡಲಾಗುವುದಿಲ್ಲ.

ಮೂಳೆಮಾತು:
ಮಕ್ಕಳಿಗೆ ಇದನ್ನೂ ಹೇಳಿ, ಮೇಡಂ. ಯಾರದಾದರೂ ಭುಜ ಕೀಲು ತಪ್ಪಿದರೆ ಎಳೆದು ಕೂರಿಸಲು ಹೋಗಬಾರದು. ಜೊತೆಗೆ ಮೂಳೆ ಮುರಿದಿದೆಯೇ ಎಂದು ಎಕ್ಸ್‌ರೇ ಇಲ್ಲದೆ ತಿಳಿಯುವುದಿಲ್ಲ. ಕೀಲಿನ ಕೆಳಗೇ ಆಕ್ಸಿಲರಿ ನರ ಸುತ್ತಿ ಹೋಗುತ್ತದೆ. ಅದಕ್ಕೆ ಪೆಟ್ಟಾಗಿದ್ದರೆ ತೋಳಿನ ಮೇಲ್ಭಾಗದ ಹೊರಮೈ ಜೋಮು ಹಿಡಿದಂತಿರುತ್ತದೆ. ತೋಳು ಇರುವ ಭಂಗಿಯಲ್ಲೇ ಬಟ್ಟೆಯ ಜೋಳಿಗೆ ಕಟ್ಟಿ ಆಸ್ಪತ್ರೆಗೆ ಕರೆದೊಯ್ಯಬೇಕು. ಸೊಂಟ ತಪ್ಪಿದ್ದರೆ ಇನ್ನೂ ಅವಸರ: ತೊಡೆಮೂಳೆಯ ತಲೆಗೆ ಹೋಗುವ ರಕ್ತ ನಿಂತು ಮೂಳೆ ಸಾಯಬಹುದು, 6 ಗಂಟೆಯೊಳಗೆ ಕೂರಿಸುವುದು ಗುರಿ.