ಅಪ್‌ಡೇಟ್: ಕೊನೆಗೂ ಕಾಯಿಲೆಗೆ ಹೆಸರು ಸಿಕ್ಕಿತು

ಸಂಜೆಯಾದರೆ ಎಡಗಣ್ಣಿನ ರೆಪ್ಪೆ ಜೋಲುತ್ತದೆ, ಒಂದಿದ್ದದ್ದು ಎರಡಾಗಿ ಕಾಣುತ್ತದೆ, ಊಟ ಮುಗಿಯುವಷ್ಟರಲ್ಲಿ ದವಡೆ ಸೋಲುತ್ತದೆ, ಆದರೂ ರಿಪೋರ್ಟ್ ಎಲ್ಲ ನಾರ್ಮಲ್ ಅಂತ ಹಿಂದೆ ಕೇಳಿದ್ದೆ ಅಲ್ವಾ? ಅದು ಮಯಸ್ತೇನಿಯಾ ಗ್ರಾವಿಸ್ ಅಂತೆ. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ನಮ್ಮದೇ ಪ್ರತಿಕಾಯಗಳು (ಆಂಟಿಬಾಡಿ) ತಡೆಯುವ ಕಾಯಿಲೆ.

ಬೆಳಗ್ಗೆ ಒಂದು, ಸಂಜೆ ಒಂದು ಫೋಟೋ ತೆಗೆದಿಡಿ ಎಂದಿದ್ದಿರಿ. ಅದೇ ಕೆಲಸಕ್ಕೆ ಬಂತು. ನಾನು ಡಾಕ್ಟರ ಹತ್ತಿರ ಹೋಗುತ್ತಿದ್ದದ್ದು ಯಾವಾಗಲೂ ಬೆಳಗ್ಗೆ, ಆಗ ಕಣ್ಣು ಚೆನ್ನಾಗಿಯೇ ಇರುತ್ತಿತ್ತು. ಹೊಸ ನರರೋಗ ತಜ್ಞರು ಫೋಟೋ ನೋಡಿ, ಸುಮ್ನೆ ಮೇಲೆ ನೋಡ್ತಾ ಇರಿ ಎಂದರು. ಒಂದು ನಿಮಿಷದೊಳಗೆ ರೆಪ್ಪೆ ಇಳಿಯಿತು. ಆಮೇಲೆ ಗ್ಲೌಸ್‌ನಲ್ಲಿ ಐಸ್ ತುಂಬಿ ಮುಚ್ಚಿದ ಕಣ್ಣಿನ ಮೇಲೆ 2 ನಿಮಿಷ ಇಟ್ಟರು. ಈ ಕಾಯಿಲೆಯಾದರೆ ತಂಪಿಗೆ ರೆಪ್ಪೆ ಸ್ವಲ್ಪ ಹೊತ್ತು ಸುಧಾರಿಸುತ್ತದಂತೆ. ತೆಗೆದಾಗ ಕಣ್ಣು ಪೂರ್ತಿ ತೆರೆಯಿತು. ಕನ್ನಡಿಯಲ್ಲಿ ನೋಡಿ ಅಳುವೇ ಬಂತು.

ಅಸಿಟೈಲ್‌ಕೋಲಿನ್ ರಿಸೆಪ್ಟರ್ ಪರೀಕ್ಷೆ (ಆ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವುದು) ನೆಗೆಟಿವ್ ಬಂದಿದ್ದಕ್ಕೆ ಮೊದಲಿನ ಡಾಕ್ಟರು ಟೆನ್ಶನ್ ಎಂದು ಕಳಿಸಿದ್ದರು. ಇದು ನನಗೆ ಈಗಲೂ ನೋವು. ಕಾಯಿಲೆ ಕಣ್ಣಿಗಷ್ಟೇ ಇದ್ದರೆ ಸುಮಾರು ಅರ್ಧ ಜನರಿಗೆ, ಮೈಯ ಬೇರೆ ಸ್ನಾಯುಗಳಿಗೂ ಹರಡಿದ್ದರೆ ನೂರಕ್ಕೆ ಸುಮಾರು 15 ಮಂದಿಗೆ ಅದು ನೆಗೆಟಿವ್ ಬರುತ್ತದಂತೆ. ನನಗೆ ಖಚಿತವಾಗಿದ್ದು ಸಿಂಗಲ್ ಫೈಬರ್ ಇಎಂಜಿಯಿಂದ, ಅಂದರೆ ನರದ ಸಂದೇಶ ಸ್ನಾಯುವಿಗೆ ಸರಿಯಾಗಿ ತಲುಪುತ್ತಿದೆಯಾ ಎಂದು ನೋಡುವ ಪರೀಕ್ಷೆ. ಹಣೆಯ ಸ್ನಾಯುವಿಗೆ ಸೂಜಿ ಚುಚ್ಚಿ ನೋಡುತ್ತಾರೆ. ನೋವಿಗಿಂತ ಅಲುಗಾಡದೆ ಕೂರುವುದೇ ಜಾಸ್ತಿ ಕಷ್ಟ.

ಈ ಕಾಯಿಲೆಯ ಜೊತೆ ಕೆಲವರಿಗೆ ಇರುವಂತೆ ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಗಡ್ಡೆ ಇದೆಯಾ ಎಂದು ಎದೆಯ ಸಿಟಿ ಸ್ಕ್ಯಾನ್ ಮಾಡಿದರು, ಇಲ್ಲ. ಸ್ನಾಯುಗಳಿಗೆ ಬಲ ಕೊಡುವ ಪಿರಿಡೋಸ್ಟಿಗ್ಮಿನ್ ಎಂಬ ಔಷಧ ಶುರುವಾಗಿದೆ. ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಂಡರೆ ಅಗಿಯಲು ಆಗುತ್ತಿದೆ. ಕೆಲವು ಆಂಟಿಬಯೋಟಿಕ್ ನಮಗೆ ಆಗುವುದಿಲ್ಲವಂತೆ, ಆ ಪಟ್ಟಿ ಪರ್ಸಿನಲ್ಲೇ ಇಟ್ಟಿದ್ದೇನೆ. ಉಸಿರಾಟಕ್ಕೆ ಅಥವಾ ನುಂಗಲು ತೊಂದರೆಯಾದರೆ ಕಾಯದೆ ತುರ್ತು ಚಿಕಿತ್ಸೆಗೆ ಬರಬೇಕು ಎಂದಿದ್ದಾರೆ.

ಸ್ಟೀರಾಯ್ಡ್ ಬೇಕಾ ಎಂಬುದು ಮುಂದಿನ ಭೇಟಿಯಲ್ಲಿ ಗೊತ್ತಾಗುತ್ತದೆ. ಫೋಟೋ ತೆಗೆಯಲು ಹೇಳಿದವರಿಗೆ ತುಂಬಾ ಥ್ಯಾಂಕ್ಸ್.