ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಡಾಲ್ಫಿನ್ ಮುಗ್ಗರಿಸ್ತಿದೆ, ನಿಮ್ಮ ಅನುಭವ ಹೇಳಿ

ಕೇಳಿದ್ದು, ಶಿವಮೊಗ್ಗದಿಂದ:

2009ರಲ್ಲಿ ಅಕ್ಕ ನ್ಯೂಜೆರ್ಸಿಯಿಂದ ಬರುವಾಗ ನಿಂಟೆಂಡೊ ವೀ ಗೇಮ್ ಪೆಟ್ಟಿಗೆ ತಂದುಕೊಟ್ಟಿದ್ದಳು, ಜೊತೆಗೆ ಅದರ ಹಿಂದಿನ ಪೆಟ್ಟಿಗೆ ಗೇಮ್‌ಕ್ಯೂಬ್‌ನ ಏಳೆಂಟು ಡಿಸ್ಕ್ (ವೀ ಅವನ್ನೂ ಓದುತ್ತೆ). ಈಗ ಆ ವೀ ಡಿಸ್ಕ್ ಓದುವಾಗ ಕಾಫಿ ಬೀಜ ಪುಡಿ ಮಾಡಿದ ಹಾಗೆ ಸದ್ದು ಮಾಡುತ್ತೆ. ಪೂರ್ತಿ ಕೈಕೊಡುವ ಮುಂಚೆ ಅದರಲ್ಲೇ ನನ್ನ ಡಿಸ್ಕ್‌ಗಳನ್ನೆಲ್ಲ ಫೈಲ್ ಮಾಡಿ ಇಟ್ಟುಕೊಂಡೆ. ಭಾವ ಬಿಟ್ಟುಹೋದ ಎಂ1 ಮ್ಯಾಕ್‌ಬುಕ್ ಏರ್ (8 ಜಿಬಿ) ಮನೇಲಿತ್ತು, ಅದಕ್ಕೆ ಡಾಲ್ಫಿನ್ (ವೀ, ಗೇಮ್‌ಕ್ಯೂಬ್ ಆಟಗಳನ್ನ ಕಂಪ್ಯೂಟರ್‌ನಲ್ಲಿ ಓಡಿಸುವ ಎಮ್ಯುಲೇಟರ್) ಹಾಕಿದೆ.

ಮಾರಿಯೊ ಕಾರ್ಟ್ ಡಬಲ್ ಡ್ಯಾಶ್ ಆಡುವಾಗ ಹೊಸ ಟ್ರ್ಯಾಕ್ ಬಂದರೆ ಚಿತ್ರ ಅರೆಕ್ಷಣ ನಿಂತು ಮುಂದೆ ಹೋಗುತ್ತೆ. ಅದೇ ಟ್ರ್ಯಾಕ್ ಎರಡನೇ ಸಲ ಆಡಿದರೆ ಸರಿ. ಆದರೆ ಇಪ್ಪತ್ತು ನಿಮಿಷ ಕಳೆದಮೇಲೆ ಎಲ್ಲಾ ನಿಧಾನ, ಸದ್ದೂ ಕರಕರ ಅನ್ನುತ್ತೆ. ವಿಡಿಯೊಗಳನ್ನ ನೋಡಿ ಕಂಡಕಂಡ ಸೆಟ್ಟಿಂಗ್ ಬದಲಾಯಿಸಿದೆ. ಮೊದಲಿಗಿಂತ ಹಾಳಾಯ್ತು, ಏನೇನು ಮುಟ್ಟಿದೆ ಅನ್ನೋದೂ ಮರೆತುಹೋಗಿದೆ. ಮೇ ತಿಂಗಳಲ್ಲಿ ಅಕ್ಕನ ಮಗ ಬರ್ತಾನೆ. ಪ್ರೊ ಚಿಪ್ ಇರೋ ಮ್ಯಾಕ್ ತಗೊಳ್ಳೋದೇ ದಾರೀನಾ?

ಬೆಂಗಳೂರಿನಿಂದ:

ದುಡ್ಡು ಜೇಬಲ್ಲೇ ಇರಲಿ. ಡಬಲ್ ಡ್ಯಾಶ್‌ಗೆ ಎಂ1 ಬೇಕಾದಷ್ಟಾಯ್ತು. ನಿಮ್ಮದು ಒಂದು ತೊಂದರೆ ಅಲ್ಲ, ಎರಡೋ ಮೂರೋ ಒಟ್ಟಿಗೆ ಸೇರಿಕೊಂಡಿವೆ. ಅದಕ್ಕೇ ಒಂದು ಸೆಟ್ಟಿಂಗ್‌ನಿಂದ ಏನೂ ಆಗ್ತಿಲ್ಲ.

ಮೊದಲು ಮುಟ್ಟಿದ್ದನ್ನೆಲ್ಲ ಅಳಿಸಿ. ಡಾಲ್ಫಿನ್ ಮುಚ್ಚಿ, ಫೈಂಡರ್‌ನಲ್ಲಿ ಗೋ ಮೆನು ತೆರೆದು ಆಪ್ಷನ್ ಕೀ ಒತ್ತಿ ಹಿಡಿದರೆ ಲೈಬ್ರರಿ ಕಾಣುತ್ತೆ. ಅದರೊಳಗೆ ಅಪ್ಲಿಕೇಶನ್ ಸಪೋರ್ಟ್, ಅದರಲ್ಲಿ ಡಾಲ್ಫಿನ್ ಫೋಲ್ಡರ್. ಅಳಿಸಬೇಡಿ, ಹೆಸರು ಮಾತ್ರ ಬದಲಿಸಿ. ಮತ್ತೆ ಡಾಲ್ಫಿನ್ ತೆರೆದರೆ ಹೊಸ ಫೋಲ್ಡರ್ ಅದೇ ಮಾಡಿಕೊಳ್ಳುತ್ತೆ. ಹಳೇದರಿಂದ ಜಿಸಿ ಮತ್ತು ವೀ ಅನ್ನೋ ಎರಡು ಫೋಲ್ಡರ್ ಮಾತ್ರ ವಾಪಸ್ ತಂದು ಹಾಕಿ, ಸೇವ್ ಮಾಡಿದ ಆಟ ಅದರಲ್ಲಿರುತ್ತೆ. ನಾನು ಒಮ್ಮೆ ಇದನ್ನ ಮರೆತು ಮೂರು ತಿಂಗಳ ಆಟ ಕಳಕೊಂಡಿದ್ದೀನಿ.

ಆಮೇಲೆ ಆಟ ಓಡುತ್ತಿರುವಾಗಲೇ ಆಕ್ಟಿವಿಟಿ ಮಾನಿಟರ್ ತೆಗೆದು ಸಿಪಿಯು ಪಟ್ಟಿಯಲ್ಲಿ 'ಕೈಂಡ್' ಕಾಲಂ ನೋಡಿ. ಡಾಲ್ಫಿನ್ ಎದುರು 'ಆಪಲ್' ಅಂತಿರಬೇಕು. 'ಇಂಟೆಲ್' ಅಂತಿದ್ದರೆ ರೊಸೆಟ್ಟಾ (ಇಂಟೆಲ್ ಮ್ಯಾಕ್‌ಗೆ ಬರೆದ ಆಪ್‌ಗಳನ್ನ ಎಂ1ಗೆ ತರ್ಜುಮೆ ಮಾಡುವ ಆಪಲ್‌ನ ವ್ಯವಸ್ಥೆ) ಮೂಲಕ ಓಡ್ತಿದೆ: ಒಂದೋ 2021ಕ್ಕಿಂತ ಹಳೇ ಡಾಲ್ಫಿನ್, ಇಲ್ಲಾ ಆಪ್‌ನ ಗೆಟ್ ಇನ್ಫೋದಲ್ಲಿ 'ಓಪನ್ ಯೂಸಿಂಗ್ ರೊಸೆಟ್ಟಾ' ಟಿಕ್ ಆಗಿದೆ. ಡಾಲ್ಫಿನ್‌ಗೆ ಎಂ1 ಬೆಂಬಲ ಬಂದಿದ್ದು 2021ರ ಮೇನಲ್ಲಿ.

ಇನ್ನು ಗ್ರಾಫಿಕ್ಸ್‌ನಲ್ಲಿ ಬ್ಯಾಕೆಂಡ್, ಅಂದರೆ ಡಾಲ್ಫಿನ್ ಜಿಪಿಯು (ಗ್ರಾಫಿಕ್ಸ್ ಚಿಪ್) ಜೊತೆ ಮಾತಾಡುವ ದಾರಿ. ಆಪಲ್‌ನದೇ ಆದ ಮೆಟಲ್ ಇರಲಿ. ಮ್ಯಾಕ್‌ನಲ್ಲಿ ಓಪನ್‌ಜಿಎಲ್ 4.1ಕ್ಕೇ ನಿಂತುಹೋಗಿದೆ, 2018ರಲ್ಲಿ ಆಪಲ್ಲೇ ಅದನ್ನ ಕೈಬಿಡ್ತೀವಿ ಅಂದಿದೆ. ಹಳೇ ವಿಡಿಯೊಗಳಲ್ಲಿ 'ಓಪನ್‌ಜಿಎಲ್ ಹಾಕಿ' ಅಂದಿದ್ದರೆ ಅದು ಆ ಕಾಲದ ಮಾತು. ಮೆಟಲ್ ಬ್ಯಾಕೆಂಡ್ ಡಾಲ್ಫಿನ್‌ಗೆ ಬಂದಿದ್ದು 2022ರಲ್ಲಿ.

ಈಗ ಹೊಸ ಟ್ರ್ಯಾಕ್‌ನ ಮುಗ್ಗರಿಕೆ. ಇದು ಶೇಡರ್ ತಯಾರಾಗುವ ತಡ. ಗೇಮ್‌ಕ್ಯೂಬ್‌ನ ಫ್ಲಿಪ್ಪರ್ ಚಿಪ್‌ನಲ್ಲಿ ಆಟಗಳು ಸ್ವಿಚ್ ತಿರುಗಿಸಿದ ಹಾಗೆ ಬಣ್ಣ, ಟೆಕ್ಸ್‌ಚರ್ ಬೆರಕೆ ಬದಲಿಸುತ್ತಿದ್ದವು. ಮ್ಯಾಕ್‌ನ ಜಿಪಿಯುಗೆ ಆ ಸ್ವಿಚ್ ಇಲ್ಲ, ಒಂದೊಂದು ಬೆರಕೆಗೂ ಒಂದು ಪುಟ್ಟ ಪ್ರೋಗ್ರಾಂ (ಅದೇ ಶೇಡರ್) ಬರೆದು ಕಂಪೈಲ್ ಮಾಡಬೇಕು. ಗಿರಾಕಿ ಕೂತು ಆರ್ಡರ್ ಕೊಟ್ಟಮೇಲೆ ಹಿಟ್ಟು ರುಬ್ಬೋಕೆ ಶುರುಮಾಡಿದರೆ ಹೇಗಿರುತ್ತೋ ಹಾಗೆ. ಎರಡನೇ ಸಲ ಹಿಟ್ಟು ತಯಾರಿರುತ್ತೆ, ಆದ್ದರಿಂದ ನಿಲ್ಲಲ್ಲ. ಇದಕ್ಕೆ ಡಾಲ್ಫಿನ್‌ನವರು 2017ರಲ್ಲಿ ಊಬರ್‌ಶೇಡರ್ ತಂದರು: ಫ್ಲಿಪ್ಪರನ್ನೇ ಅನುಕರಿಸುವ ಒಂದೇ ದೊಡ್ಡ ಪ್ರೋಗ್ರಾಂ. ಶೇಡರ್ ಕಂಪೈಲೇಶನ್‌ನಲ್ಲಿ 'ಹೈಬ್ರಿಡ್' ಆರಿಸಿ. ಸರಿಯಾದ ಶೇಡರ್ ಹಿಂದೆ ತಯಾರಾಗುವ ತನಕ ದೊಡ್ಡದು ನಿಭಾಯಿಸುತ್ತೆ. 'ಎಕ್ಸ್‌ಕ್ಲೂಸಿವ್' ಬೇಡ, ಜಿಪಿಯು ಸುಮ್ಮನೆ ಸುಸ್ತಾಗುತ್ತೆ. 'ಸ್ಕಿಪ್ ಡ್ರಾಯಿಂಗ್' ಹಾಕಿದರೆ ಮುಗ್ಗರಿಸಲ್ಲ ನಿಜ, ಆದರೆ ಗಾಡಿ ಕಂಡು ಚಕ್ರ ಕಾಣದಂಥ ವಿಚಿತ್ರಗಳು ಆಗ್ತವೆ.

ಕೊನೇದು ಒಂದು ಪರೀಕ್ಷೆ. ಇಂಟರ್ನಲ್ ರೆಸಲ್ಯೂಶನ್ 1xಗೆ (ಮೂಲ ಗೇಮ್‌ಕ್ಯೂಬ್‌ನಷ್ಟಕ್ಕೇ) ಇಳಿಸಿ ಆಡಿ. ವೇಗ ಏರಿದರೆ ತಪ್ಪು ಜಿಪಿಯು ಕಡೆ. ಏನೂ ಬದಲಾಗದಿದ್ದರೆ ಸಿಪಿಯು ಕಡೆ, ಆಗ ರೆಸಲ್ಯೂಶನ್ ತಗ್ಗಿಸಿ ಚಿತ್ರ ಮಸುಕು ಮಾಡಿಕೊಂಡು ಪ್ರಯೋಜನವಿಲ್ಲ. ಅಳತೆಗೆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್) ನೋಡಬೇಡಿ, ಶೇಕಡಾ ವೇಗ ನೋಡಿ, 100% ಅಂದರೆ ಆಟದ ಮೂಲ ವೇಗ. ವಿಂಡ್ ವೇಕರ್ ಆಟ ಹುಟ್ಟಿದ್ದೇ 30 ಎಫ್‌ಪಿಎಸ್‌ಗೆ. ಅದರಲ್ಲಿ 30 ಕಂಡು ವಾರಗಟ್ಟಲೆ ಸೆಟ್ಟಿಂಗ್ ಕೆದಕಿದವರನ್ನ ನಾನು ಬಲ್ಲೆ (ನಾನೇ).

ಹುಬ್ಬಳ್ಳಿಯಿಂದ:

ಅಣ್ಣಾರ, ಇಪ್ಪತ್ತು ನಿಮಿಷದ ಮ್ಯಾಲೆ ನಿಧಾನ ಆಗೂದು ಅಂದ್ರಿ ನೋಡ್ರಿ, ಅದು ಸೆಟ್ಟಿಂಗ್ ಅಲ್ಲ, ಕಾವು. ಏರ್‌ನ್ಯಾಗ ಫ್ಯಾನ್ ಇಲ್ಲ. ಮೈ ಬಿಸಿ ಆತಂದ್ರ ಚಿಪ್ ತಾನ ವೇಗ ಕಡಿಮಿ ಮಾಡ್ಕೋತದ. ನಾನು ಹಾಸಿಗಿ ಮ್ಯಾಲ ಇಟ್ಟು ಆಡತಿದ್ನಿ, ಕೆಳಗ ಗಾಳಿನ ಇಲ್ಲ. ಈಗ ಗ್ವಾಡಿಯೊಳಗಿನ ಕಡಪಾ ಕಲ್ಲಿನ ಮ್ಯಾಲ ಇಡತೀನಿ, ಎದುರಿಗೆ ಟೇಬಲ್ ಫ್ಯಾನ್. ತಣ್ಣನ ಕಲ್ಲು ಕಾವು ಎಳಕೋತದ. ರೆಸಲ್ಯೂಶನ್ 4x ಇದ್ದದ್ದು 2xಗೆ ತಂದೆ, ಈಗ ತಾಸುಗಟ್ಟಲೆ ಆಡಿದ್ರೂ ಚಿಂತಿಲ್ಲ.

ಇನ್ನೊಂದ್ ಮಾತು. ನಾಕ್ ದಿನ ಸೆಟ್ಟಿಂಗ್ ತಿರುವಿ ತಿರುವಿ ಸಾಕಾಗಿತ್ತು. ಒಂದ್ ಸಂಜಿ ಚಾರ್ಜರ್ ಹಚ್ಚಿ ಆಡತಿದ್ನಿ, ಕರೆಂಟ್ ಹೋತು. ಆಟ ಒಮ್ಮಿಂದೊಮ್ಮೆಲೆ ಎಮ್ಮಿ ನಡದಂಗ ನಡಿಯಾಕ ಹತ್ತಿತು. ಕರೆಂಟ್ ಬಂತು, ಮತ್ತ ಓಡಾಕ ಹತ್ತಿತು. ಮತ್ತ ಹೋತು, ಮತ್ತ ಎಮ್ಮಿ. ಆಗ ತಲಿಗೆ ಬಂತು: ಬ್ಯಾಟರಿ ಸೆಟ್ಟಿಂಗ್‌ನ್ಯಾಗ 'ಲೋ ಪವರ್ ಮೋಡ್' ಬ್ಯಾಟರಿ ಮ್ಯಾಲಿದ್ದಾಗ ಅಂತ ಹಾಕಿ ಮರತಿದ್ನಿ. ಲೈನ್‌ಮನ್ ಪುಣ್ಯಾದಿಂದ ಗೊತ್ತಾತು.

ಕಾಸರಗೋಡಿನಿಂದ:

ಡಾಲ್ಫಿನ್ ಬಗ್ಗೆ ಬೆಂಗಳೂರಿನವರು ಹೇಳಿದ್ದು ಸರಿ. ನಂದು ಪಿಎಸ್2 (ಪ್ಲೇಸ್ಟೇಷನ್ 2). ಪಿಸಿಎಸ್‌ಎಕ್ಸ್2 ಅಂತ ಅದಕ್ಕೊಂದು ಎಮ್ಯುಲೇಟರ್ ಉಂಟಲ್ಲ, ಅದರ ಮ್ಯಾಕ್ ಆವೃತ್ತಿ ಇಂಟೆಲ್‌ನದ್ದು, ರೊಸೆಟ್ಟಾದ ಮೇಲೆಯೇ ಓಡಿಸಿದ್ದು ನಾನು. ಅದರ ಕಷ್ಟ ಏನು ಗೊತ್ತುಂಟಾ? ನಮ್ಮಲ್ಲಿ ಹೇಳಬೇಕಾದ್ರೆ, ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ಒಬ್ಬ ಮಲಯಾಳಕ್ಕೆ ಹೇಳುವುದು, ಇನ್ನೊಬ್ಬ ಮಲಯಾಳದಿಂದ ಕನ್ನಡಕ್ಕೆ ಹೇಳುವುದು. ಪಿಎಸ್2ನ ಭಾಷೆಯನ್ನು ಎಮ್ಯುಲೇಟರ್ ಆಡುತ್ತಾ ಆಡುತ್ತಾ ಇಂಟೆಲ್ ಭಾಷೆಗೆ ತಿರುಗಿಸ್ತದೆ, ರೊಸೆಟ್ಟಾ ಅದನ್ನು ಪುನಃ ಎಂ1ನ ಭಾಷೆಗೆ. ಸಾಮಾನ್ಯ ಆಪ್ ಆದ್ರೆ ರೊಸೆಟ್ಟಾ ಮೊದಲೇ ತರ್ಜುಮೆ ಮಾಡಿಟ್ಟುಕೊಳ್ತದೆ. ಇದು ಆಗಷ್ಟೇ ಹುಟ್ಟಿದ ಕೋಡ್, ಮೊದಲೇ ಮಾಡಿಡುವುದು ಹೇಗೆ ಮಾರಾಯ್ರೆ?

ಅಷ್ಟಾದರೂ ನನ್ನ ಎಂ1 ಮಿನಿಯಲ್ಲಿ ಹೆಚ್ಚಿನ ಆಟ ಪೂರ್ತಿ ವೇಗದಲ್ಲಿ ಓಡಿದೆ. ಎಂಟಿವಿಯು ಆನ್ ಇರಬೇಕು, ಪಿಎಸ್2ನ ಎರಡು ವೆಕ್ಟರ್ ಯೂನಿಟ್‌ಗಳಲ್ಲಿ ಒಂದರ ಕೆಲಸವನ್ನು ಅದು ಬೇರೆ ಥ್ರೆಡ್‌ಗೆ (ಜೊತೆಜೊತೆಗೇ ನಡೆಯುವ ಇನ್ನೊಂದು ಕೆಲಸದ ಸಾಲಿಗೆ) ಕೊಡ್ತದೆ. ರೆಂಡರರ್ ಮೆಟಲ್. ಇನ್ನೊಂದು, ರೊಸೆಟ್ಟಾ ಪೂರ್ತಿಯಾಗಿ ಇರುವುದು ಮ್ಯಾಕ್‌ಒಎಸ್ 27ರವರೆಗೆ ಅಂತ ಆಪಲ್ ಹೇಳಿ ಆಗಿದೆ. ಹಾಗಾಗಿ ಸಿಸ್ಟಂ ಅಪ್‌ಡೇಟ್‌ಗೆ ಅವಸರ ಮಾಡಬೇಡಿ.

ಮೈಸೂರಿನಿಂದ:

ಹೈಬ್ರಿಡ್ ಎಲ್ಲರಿಗೂ ಅಲ್ಲ ಅಂತ ಒಂದು ಮಾತು ಸೇರಿಸ್ತೀನಿ, ಮುಂದೆ ಯಾರಾದರೂ ಹಳೇ ಮ್ಯಾಕ್ ಇಟ್ಟುಕೊಂಡು ಇದನ್ನ ಓದಬಹುದು. ನನ್ನದು 2015ರ ಇಂಟೆಲ್ ಪ್ರೊ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಹೈಬ್ರಿಡ್ ಹಾಕಿದರೆ ಮುಗ್ಗರಿಕೆ ಹೋಗಿ ಅದರ ಜಾಗಕ್ಕೆ ಉದ್ದನೆಯ ನಿಧಾನ ಬಂತು. ಊಬರ್‌ಶೇಡರ್ ಇಲ್ಲದ ಸ್ಪೆಷಲೈಸ್ಡ್‌ಗೆ ವಾಪಸ್ ಹೋಗಿ, 'ಕಂಪೈಲ್ ಶೇಡರ್ಸ್ ಬಿಫೋರ್ ಸ್ಟಾರ್ಟಿಂಗ್' ಟಿಕ್ ಮಾಡಿ, 1xನಲ್ಲೇ ಆಡ್ತೀನಿ. ಮೊದಲ ದಿನ ಮುಗ್ಗರಿಸುತ್ತೆ, ಸಹಿಸಿಕೊಳ್ಳಬೇಕು. ಕೆಳಗಿನ ಮುಚ್ಚಳ ಬಿಚ್ಚಿ ಫ್ಯಾನ್ ಮೇಲಿದ್ದ ಧೂಳನ್ನ ಮೆತ್ತನೆ ಬ್ರಷ್‌ನಲ್ಲಿ ತೆಗೆದದ್ದು ಎಲ್ಲಾ ಸೆಟ್ಟಿಂಗ್‌ಗಿಂತ ಹೆಚ್ಚು ಉಪಯೋಗಕ್ಕೆ ಬಂತು. ಹೊಟ್ಟೆಯೊಳಗೆ ಕಂಬಳಿ ನೇಯಬಹುದಾದಷ್ಟು ಧೂಳು ಕೂತಿತ್ತು.

ಮ್ಯೂನಿಕ್‌ನಿಂದ:

ಪ್ರೊ ಚಿಪ್ ತಗೊಳ್ಳಲಾ ಅಂತ ಕೇಳಿದ್ರಿ. ನನ್ನ ಹತ್ತಿರ ಎಂ1 ಮ್ಯಾಕ್ಸ್ ಇದೆ, ಆಫೀಸಿನದ್ದಲ್ಲ, ಸ್ವಂತ ದುಡ್ಡಿನದು, ಅದಕ್ಕೇ ಹೊಟ್ಟೆಯುರಿ. ಡಾಲ್ಫಿನ್‌ನಲ್ಲಿ ಭಾರ ಬೀಳೋದು ಮುಖ್ಯವಾಗಿ ಎರಡು ಥ್ರೆಡ್ ಮೇಲೆ. ಒಂದೊಂದು ಕೋರ್‌ನ ವೇಗ ಎಂ1ಗೂ ಎಂ1 ಮ್ಯಾಕ್ಸ್‌ಗೂ ಹೆಚ್ಚು ಕಡಿಮೆ ಒಂದೇ. ಮಿಕ್ಕ ಕೋರ್‌ಗಳು ಸುಮ್ಮನೆ ಕೂತಿರ್ತವೆ. ದೊಡ್ಡ ಜಿಪಿಯು ರೆಸಲ್ಯೂಶನ್ ಏರಿಸೋಕೆ ಮಾತ್ರ.

ಇಲ್ಲಿ ಸಂತೆಯಲ್ಲಿ ಸಿಗೋ ಹಳೇ ಡಿಸ್ಕ್‌ಗಳೆಲ್ಲ ಪಾಲ್ (ಯುರೋಪಿನ ಟಿವಿ ಪದ್ಧತಿ), ಸೆಕೆಂಡಿಗೆ 50 ಫ್ರೇಮ್. ಡಾಲ್ಫಿನ್ 100% ತೋರಿಸ್ತಿದ್ದರೂ ಕ್ಯಾಮೆರಾ ಪಕ್ಕಕ್ಕೆ ತಿರುಗಿದಾಗೆಲ್ಲ ಸಣ್ಣಗೆ ನಡುಕ. 60 ಹರ್ಟ್ಸ್ ಪರದೆ ಮೇಲೆ 50 ಫ್ರೇಮ್ ಹಾಕಿದರೆ ಸೆಕೆಂಡಿಗೆ ಹತ್ತು ಫ್ರೇಮ್ ಎರಡೆರಡು ಸಲ ಬರುತ್ತೆ, ಅದೇ ನಡುಕ. ಕೆಲವು ಡಿಸ್ಕ್ ಶುರುವಿನಲ್ಲೇ 60 ಹರ್ಟ್ಸ್ ಬೇಕಾ ಅಂತ ಕೇಳ್ತವೆ, ಹೌದು ಅನ್ನಿ. ಕೇಳದಿದ್ದರೆ, 14 ಮತ್ತು 16 ಇಂಚಿನ ಪ್ರೊಗಳಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಪರದೆಯನ್ನೇ 50 ಹರ್ಟ್ಸ್‌ಗೆ ಇಡಬಹುದು. ದುಬಾರಿ ಮ್ಯಾಕ್‌ನಿಂದ ನನಗಾದ ಲಾಭ ಇದೊಂದೇ. ನಿಮ್ಮದು ಅಮೆರಿಕದ ಡಿಸ್ಕ್, ಈ ಗೋಳಿಲ್ಲ.

ಶಿವಮೊಗ್ಗದಿಂದ, ಎರಡು ದಿನದ ನಂತರ:

ಎಲ್ಲರಿಗೂ ದೊಡ್ಡ ನಮಸ್ಕಾರ. ಹಳೇ ಫೋಲ್ಡರ್‌ನ ಸೆಟ್ಟಿಂಗ್ ಒಂದೊಂದೇ ನೋಡ್ತಾ ಹೋದೆ, ನಾಚಿಕೆಯಾಯ್ತು. ಬ್ಯಾಕೆಂಡ್ ಓಪನ್‌ಜಿಎಲ್, ರೆಸಲ್ಯೂಶನ್ 6x, ಅದರ ಮೇಲೆ ಎಸ್‌ಎಸ್‌ಎಎ (ಚಿತ್ರದ ಅಂಚು ನುಣುಪು ಮಾಡುವ, ಜಿಪಿಯುಗೆ ಭಾರವಾದ ಸೆಟ್ಟಿಂಗ್). ಎಲ್ಲಕ್ಕಿಂತ ಮೇಲಾಗಿ ಅಡ್ವಾನ್ಸ್ಡ್‌ನಲ್ಲಿ 'ಸಿಪಿಯು ಕ್ಲಾಕ್ ಓವರ್‌ರೈಡ್' 180%. ವೇಗ ಬೇಕು ಅಂತ ನಾನೇ ಎಳೆದದ್ದು.

ಹೊಸ ಫೋಲ್ಡರ್, ಮೆಟಲ್, ಹೈಬ್ರಿಡ್, 3x. ಹೊಸ ಟ್ರ್ಯಾಕ್‌ನಲ್ಲಿ ನಿಲ್ತಿಲ್ಲ. ಕಡಪಾ ಕಲ್ಲು ಇಲ್ಲ, ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಇಟ್ಟು ನಿಂತುಕೊಂಡೇ ಒಂದು ಗಂಟೆ ಆಡಿದೆ, 100% ಬಿಟ್ಟು ಇಳಿಯಲಿಲ್ಲ, ಸದ್ದೂ ಸ್ವಚ್ಛ. ಅಮ್ಮ ಒಗ್ಗರಣೆ ಹಾಕೋಕೆ ಜಾಗ ಬಿಡು ಅಂತ ಬೈದರು. ಒಂದು ಉಳಿದಿದೆ: ಬ್ಲೂಟೂತ್ ಕಂಟ್ರೋಲರ್‌ನಲ್ಲಿ ತಿರುಗಿಸಿದ್ದಕ್ಕೂ ಗಾಡಿ ತಿರುಗೋದಕ್ಕೂ ಒಂಚೂರು ಅಂತರ ಅನ್ನಿಸ್ತಿದೆ.

ಬೆಂಗಳೂರಿನಿಂದ:

ಆ 180% ಕಥೆ ತುಂಬಾ ಜನರದ್ದು. ಅದು ನಿಮ್ಮ ಮ್ಯಾಕ್‌ನ ಗಡಿಯಾರ ಅಲ್ಲ, ಗೇಮ್‌ಕ್ಯೂಬ್‌ನದ್ದು. ಆ ಪೆಟ್ಟಿಗೆಯಲ್ಲಿದ್ದದ್ದು 486 ಮೆಗಾಹರ್ಟ್ಸ್‌ನ ಪವರ್‌ಪಿಸಿ. ನೀವು ಸುಮಾರು 875 ಮೆಗಾಹರ್ಟ್ಸ್‌ನ ಗೇಮ್‌ಕ್ಯೂಬ್ ಕಲ್ಪಿಸಿಕೊಂಡು, ಅದನ್ನ ಹೊತ್ತು ಓಡು ಅಂತ ಮ್ಯಾಕ್‌ಗೆ ಹೇಳಿದ್ರಿ. ಇನ್ನು ಯಾವುದೋ ಒಂದು ಆಟಕ್ಕೆ ಬೇರೆ ಸೆಟ್ಟಿಂಗ್ ಬೇಕಾದರೆ ಆ ಆಟದ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಬದಲಿಸಿ, ಎಲ್ಲದಕ್ಕೂ ಅಂಟಲ್ಲ.

ಕಂಟ್ರೋಲರ್‌ಗೆ: ಮ್ಯಾಕ್‌ಒಎಸ್ ಸೊನೋಮಾ ಅಥವಾ ಆಮೇಲಿನದ್ದಿದ್ದರೆ ಪೂರ್ತಿ ಪರದೆಯಲ್ಲಿ ಆಡಿ. ಗೇಮ್ ಮೋಡ್ ಶುರುವಾದರೆ ಮೇಲಿನ ಮೆನು ಪಟ್ಟಿಯಲ್ಲಿ ಕಂಟ್ರೋಲರ್ ಚಿತ್ರ ಬರುತ್ತೆ. ಅದು ಬಂತೆಂದರೆ ಬ್ಲೂಟೂತ್ ಕಂಟ್ರೋಲರನ್ನ ಮ್ಯಾಕ್ ದುಪ್ಪಟ್ಟು ಸಲ ವಿಚಾರಿಸಿಕೊಳ್ಳುತ್ತೆ. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ 5ಕ್ಕೆ ಹಾಕಿ, ಬ್ಲೂಟೂತ್ ಕೂಡ ಅದೇ 2.4ರಲ್ಲೇ ಓಡಾಡೋದು. ಇದಾವುದೂ ಬೇಡ ಅಂದರೆ ಯುಎಸ್‌ಬಿ ವೈರ್ ಚುಚ್ಚಿ.

ಶಿವಮೊಗ್ಗದಿಂದ:

ವೈರ್ ಚುಚ್ಚಿದೆ. ವೈರ್ ಗಿಡ್ಡ, ಈಗ ಒಲೆ ಪಕ್ಕದಲ್ಲೇ ನಿಂತು ಆಡ್ತಿದ್ದೀನಿ.